ಹಳೆಯ ಗಾಡಿಯ ಬ್ರೇಕು: ದೋಷ ಡ್ರಮ್ಮಿನದಲ್ಲ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಹತ್ತು, ಹದಿನೈದು, ಕೆಲವೆಡೆ ಇಪ್ಪತ್ತು ವರ್ಷ ದಾಟಿದ ಮೋಟರ್‌ಸೈಕಲ್ಲುಗಳು ಇಂದಿಗೂ ಹೊಲ, ಸಂತೆ, ಶಾಲೆ, ಆಸ್ಪತ್ರೆಗಳಿಗೆ ಜನರನ್ನು ಮುಟ್ಟಿಸುತ್ತಿದ್ದು, ಅವುಗಳ ಬ್ರೇಕಿನ ವಿಷಯ ಬಂದಾಗ ಗ್ಯಾರೇಜಿನಿಂದ ಹಿಡಿದು ಚಹಾದಂಗಡಿಯವರೆಗೆ ಒಂದೇ ತೀರ್ಪು ಕೇಳಿಬರುತ್ತದೆ: ಡ್ರಮ್ ಬ್ರೇಕು ಹುಟ್ಟಾ ದುರ್ಬಲ, ಅದರ ಮೇಲೆ ಕೆಲಸ ಮಾಡುವುದು ವ್ಯರ್ಥ, ಗಾಡಿ ನಿಲ್ಲಬೇಕೆಂದರೆ ಡಿಸ್ಕ್ ಹಾಕಿಸಬೇಕು. ಈ ತೀರ್ಪು ಎಷ್ಟು ಬೇರೂರಿದೆಯೆಂದರೆ, ಬ್ರೇಕು ಹಿಡಿಯದ ಗಾಡಿಯ ಮುಂಗಾಲಿಯನ್ನು ಬಿಚ್ಚಿ ನೋಡುವ ಮೊದಲೇ ಅದರ ಗತಿ ನಿರ್ಧಾರವಾಗಿರುತ್ತದೆ. ಒಂದೋ ಮುಂದಿನ ಬ್ರೇಕೇ ಇಲ್ಲವೆಂದು ಭಾವಿಸಿ ಓಡಿಸುವುದು, ಇಲ್ಲವೇ ಗುಜರಿಯಿಂದ ಬೇರೊಂದು ಗಾಡಿಯ ಡಿಸ್ಕು, ಫೋರ್ಕುಗಳನ್ನು ತಂದು ಕೂರಿಸುವುದು. ಈ ಅಭಿಪ್ರಾಯ ಯಂತ್ರಶಾಸ್ತ್ರದ ದೃಷ್ಟಿಯಿಂದ ತಪ್ಪು, ರೈತನ ಜೇಬಿಗೆ ಭಾರ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಜೀವಕ್ಕೆ ಅಪಾಯಕಾರಿ; ಏಕೆಂದರೆ ಒಂದು ತಾಸಿನ ಕೆಲಸದಿಂದ ಸರಿಹೋಗಬಹುದಾದ ಬ್ರೇಕನ್ನು ಅದು ಕೆಟ್ಟ ಸ್ಥಿತಿಯಲ್ಲೇ ರಸ್ತೆಗೆ ಬಿಡುತ್ತದೆ.

ಡಿಸ್ಕ್ ಹೊಸದು, ಡ್ರಮ್ ಹಳತು, ಹಳತಾದುದರಿಂದಲೇ ಕೀಳು ಎಂಬ ಭಾವನೆ ಈ ತೀರ್ಪಿನ ಬುನಾದಿಯಲ್ಲಿದೆ. ಇತಿಹಾಸ ಇದನ್ನು ಒಪ್ಪುವುದಿಲ್ಲ. ಫ್ರಾನ್ಸಿನ ಲೂಯಿ ರೆನೋ ಇಂದಿನ ರೂಪದ ಡ್ರಮ್ ಬ್ರೇಕನ್ನು ಬಳಕೆಗೆ ತಂದದ್ದೂ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದೂ ಒಂದೇ ವರ್ಷ, 1902ರಲ್ಲಿ. ಎರಡೂ ಒಂದೇ ಕಾಲದ ಕೂಸುಗಳಾಗಿದ್ದು, ಒಂದೊಂದೂ ಒಂದೊಂದು ಬಗೆಯ ಕೆಲಸಕ್ಕೆ ಹೊಂದುತ್ತದೆ. ಡ್ರಮ್ ಬ್ರೇಕಿನಲ್ಲಿ ಗಾಲಿಯ ನಡುವಿನ ಹಬ್ಬಿನೊಳಗೆ ಕಬ್ಬಿಣದ ಬಳೆಯೊಂದು ಗಾಲಿಯ ಜೊತೆಗೇ ತಿರುಗುತ್ತಿರುತ್ತದೆ. ಅದರೊಳಗೆ ತಿರುಗದೆ ನಿಂತ ಬ್ರೇಕ್ ಪ್ಲೇಟಿನ ಮೇಲೆ ಅರ್ಧಚಂದ್ರಾಕೃತಿಯ ಎರಡು ಶೂಗಳಿದ್ದು, ಅವುಗಳ ಬೆನ್ನಿಗೆ ಘರ್ಷಣೆಯ ಪಟ್ಟಿ, ಅಂದರೆ ಗ್ಯಾರೇಜಿನ ಮಾತಿನಲ್ಲಿ ಲೈನರ್, ಅಂಟಿಸಿರುತ್ತದೆ. ಬ್ರೇಕ್ ವಾಯರ್ ಎಳೆದಾಗ ಕ್ಯಾಮ್ ಎಂಬ ಚಪ್ಪಟೆ ಮೈಯ ಕೀಲು ಹೊರಳಿ ಎರಡು ಶೂಗಳನ್ನು ಅಗಲಿಸಿ ಬಳೆಗೆ ಒತ್ತುತ್ತದೆ. ಇವುಗಳಲ್ಲಿ ಒಂದು ಶೂವನ್ನು ತಿರುಗುವ ಡ್ರಮ್ಮೇ ತನ್ನತ್ತ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ಹಿಡಿಯುವಂತೆ ಮಾಡುತ್ತದೆ. ಅದನ್ನು ಮುಂಚೂಣಿ ಶೂ ಎನ್ನುತ್ತಾರೆ. ಬೆರಳುಗಳ ಬಲಕ್ಕೆ ಯಂತ್ರವೇ ತನ್ನ ಬಲವನ್ನು ಕೂಡಿಸುವ ಈ ಗುಣ ಡಿಸ್ಕಿನಲ್ಲಿಲ್ಲ. ಡಿಸ್ಕಿನ ಪ್ಯಾಡುಗಳನ್ನು ಒತ್ತಲು ಬೇಕಾದ ಬಲವನ್ನೆಲ್ಲ ಎಣ್ಣೆಯ ಒತ್ತಡದಿಂದಲೇ ಹುಟ್ಟಿಸಬೇಕಾಗುತ್ತದೆ. ಹುಟ್ಟಾ ದುರ್ಬಲವೆನಿಸಿಕೊಂಡ ಸಾಧನದ ಮೂಲಗುಣವೇ ಬಲವರ್ಧನೆ ಎಂಬುದನ್ನು ಗಮನಿಸಬೇಕು.

ಗಾಡಿಯನ್ನು ಕೊನೆಗೆ ನಿಲ್ಲಿಸುವುದು ಬ್ರೇಕಲ್ಲ, ಟಯರು ಮತ್ತು ನೆಲದ ನಡುವಿನ ಹಿಡಿತ ಎಂಬುದು ಎರಡನೆಯ ಮಾತು. ಬ್ರೇಕಿನ ಕೆಲಸ ಆ ಹಿಡಿತದ ಅಂಚಿನವರೆಗೆ ಗಾಲಿಯನ್ನು ಕೊಂಡೊಯ್ಯುವುದಷ್ಟೇ; ಒಣಗಿದ ಡಾಂಬರಿನ ಮೇಲೆ ಮುಂಗಾಲಿಯನ್ನು ಜಾರುವ ಹಂತಕ್ಕೆ ತರಬಲ್ಲ ಡ್ರಮ್ಮಿಗಿಂತ ಡಿಸ್ಕು ಗಾಡಿಯನ್ನು ಒಂದು ಗೇಣೂ ಮೊದಲು ನಿಲ್ಲಿಸಲಾರದು. ಸವಾರನ ಬೆರಳಿಗೆ ಸಿಗುವ ನಯದಲ್ಲಿ, ಹದವರಿತು ಒತ್ತುವ ಸಲೀಸಿನಲ್ಲಿ ಡಿಸ್ಕು ಮೇಲಿರಬಹುದು. ಆದರೆ ಅದು ಬೇರೆಯ ಮಾತು, ಅದಕ್ಕೆ ತೆರುವ ಬೆಲೆಯೂ ಬೇರೆ. ಸ್ಪ್ಲೆಂಡರ್ ಪ್ಲಸ್ಸಿನಂಥ 100 ಸಿಸಿ ದರ್ಜೆಯ ಗಾಡಿಯ 130 ಮಿ.ಮೀ. ಡ್ರಮ್, ಶೂಗಳು ಸರಿಯಾಗಿ ಕೂತು ವಾಯರು ಸಲೀಸಾಗಿ ಓಡುತ್ತಿದ್ದರೆ, ಒಬ್ಬ ಸವಾರನಿರುವಾಗ ಈ ಅಂಚನ್ನು ಮುಟ್ಟಬಲ್ಲದು.

ಡಿಸ್ಕಿನ ನಿಜವಾದ ಹಿರಿಮೆ ಇರುವುದು ಶಾಖವನ್ನು ಹೊರಹಾಕುವುದರಲ್ಲಿ. ಬ್ರೇಕು ಹಾಕಿದಾಗ ಗಾಡಿಯ ವೇಗವೆಲ್ಲ ಬಿಸಿಯಾಗಿ ಮಾರ್ಪಡುತ್ತದೆ. ಬಿಸಿಯಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಬಿಸಿಯಾದ ಡಿಸ್ಕು ದಪ್ಪಗಾಗಿ ಪ್ಯಾಡಿನ ಕಡೆಗೇ ಬರುತ್ತದೆ, ಜೊತೆಗೆ ಗಾಳಿಗೆ ಮೈಯೊಡ್ಡಿಕೊಂಡು ಬೇಗ ತಣಿಯುತ್ತದೆ. ಆಗುಂಬೆ, ಚಾರ್ಮಾಡಿ ಘಾಟಿಗಳ ಉದ್ದನೆಯ ಇಳಿಜಾರಿನಲ್ಲಿ ಮೇಲಿಂದ ಮೇಲೆ ಬ್ರೇಕು ಹಿಡಿಯುತ್ತ ಇಳಿಯುವವರಿಗೆ, ಅಥವಾ ತಾಸಿಗೆ ನೂರೈವತ್ತು ಕಿ.ಮೀ. ವೇಗ ದಾಟುವ ದೊಡ್ಡ ಯಂತ್ರಗಳಿಗೆ ಇದು ಜೀವನ್ಮರಣದ ಪ್ರಶ್ನೆ. 1969ರಲ್ಲಿ ಹೋಂಡಾ ಸಿಬಿ750 ಮುಂಗಾಲಿಗೆ ಡಿಸ್ಕ್ ಹೊತ್ತು ಬಂದದ್ದು ಅಂಥ ವೇಗಕ್ಕಾಗಿಯೇ. ಆದರೆ ಭೀಮಾ ತೀರದ ಎರೆ ಬಯಲಿನಲ್ಲಿ ಘಾಟಿ ಎಲ್ಲಿದೆ? ಇಬ್ಬರನ್ನು ಹೊತ್ತು ಒಟ್ಟು 250 ಕೆ.ಜಿ. ತೂಗುವ ಗಾಡಿಯೊಂದು ತಾಸಿಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲುವಾಗ ಹುಟ್ಟುವ ಶಕ್ತಿ ಸುಮಾರು 35 ಕಿಲೋಜೂಲ್. ಇದೆಲ್ಲವೂ ಒಂದೇ ಕೆ.ಜಿ. ಕಬ್ಬಿಣಕ್ಕೆ ಹರಿದರೂ ಅದರ ಬಿಸಿ ಎಪ್ಪತ್ತೈದು ಡಿಗ್ರಿಯಷ್ಟು ಏರಬಹುದು, ಎರಡು ಹಬ್ಬುಗಳಲ್ಲಿ ಹಂಚಿಹೋದರೆ ಇನ್ನೂ ಕಡಿಮೆ. ಒಮ್ಮೆ ನಿಂತು ಮುಂದಿನ ಊರಿನವರೆಗೆ ಸಮತಟ್ಟು ದಾರಿಯಲ್ಲಿ ಸಾಗುವ ಗಾಡಿಗೆ ಈ ಬಿಸಿ ತಣಿಯಲು ಬೇಕಾದಷ್ಟು ಹೊತ್ತಿದೆ. ಹೀಗೆ ಡಿಸ್ಕಿನ ಮುಖ್ಯ ಸದ್ಗುಣ ಈ ಮೂರು ತಾಲ್ಲೂಕುಗಳಲ್ಲಿ ಹೆಚ್ಚೂಕಡಿಮೆ ಕೆಲಸಕ್ಕೇ ಬಾರದೆ ಉಳಿಯುತ್ತದೆ.

ಹಾಗಾದರೆ ಇಷ್ಟೊಂದು ಗಾಡಿಗಳ ಮುಂದಿನ ಬ್ರೇಕು ನಿಜಕ್ಕೂ ಹಿಡಿಯುವುದಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಯಂತ್ರದಲ್ಲಿರುವಷ್ಟೇ ಮಣ್ಣಿನಲ್ಲೂ ಇದೆ. ಎರೆ ಮಣ್ಣು ಮಳೆ ಬಿದ್ದೊಡನೆ ಗಾಲಿಗೆ ಮೆತ್ತಿಕೊಂಡು ಎಣ್ಣೆ ಸವರಿದಂತೆ ಜಾರುತ್ತದೆ. ಅಂಥ ಹೊಲದ ದಾರಿಯಲ್ಲಿ ಮುಂದಿನ ಬ್ರೇಕು ಹಿಡಿದವನು ನೆಲಕ್ಕುರುಳುವುದು ಖಚಿತವಾದ್ದರಿಂದ, ಮುಂದಿನ ಬ್ರೇಕು ಮುಟ್ಟಬಾರದೆಂಬ ಪಾಠ ಹೊಸದಾಗಿ ಗಾಡಿ ಕಲಿಯುವ ಹುಡುಗನಿಗೆ ಮೊದಲ ದಿನವೇ ಸಿಗುತ್ತದೆ. ಕೆಸರಿನ ಮಟ್ಟಿಗೆ ಆ ಪಾಠ ಸರಿಯಾದುದು, ಅನುಭವದಿಂದ ಬಂದದ್ದು. ತೊಂದರೆಯೆಂದರೆ ಅದೇ ಹುಡುಗ ಕಟ್ಟಿಸಂಗಾವಿ ಸೇತುವೆ ದಾಟಿ ಜೇವರ್ಗಿಯ ಹೆದ್ದಾರಿಗೆ ಬಂದಾಗಲೂ, ಹಂಗಾಮಿನಲ್ಲಿ ಹವಳಗಾ, ಭೂಸನೂರಿನ ಸಕ್ಕರೆ ಕಾರ್ಖಾನೆಗಳತ್ತ ಕಬ್ಬು ಹೇರಿಕೊಂಡು ಸಾಗುವ ಟ್ರ್ಯಾಕ್ಟರುಗಳ ಹಿಂದೆ ಕತ್ತಲಲ್ಲಿ ಓಡಿಸುವಾಗಲೂ, ಹುಣ್ಣಿಮೆಯಂದು ಗಾಣಗಾಪುರದ ದಾರಿಯಲ್ಲಿ ಭಕ್ತರ ಸಾಲಿನ ನಡುವೆ ನುಗ್ಗುವಾಗಲೂ ಹಿಂದಿನ ಪೆಡಲನ್ನೇ ನೆಚ್ಚಿಕೊಂಡಿರುತ್ತಾನೆ. ಬ್ರೇಕು ಹಾಕಿದಾಗ ಗಾಡಿಯ ತೂಕ ಮುಂದಕ್ಕೆ ವಾಲಿ, ಒಬ್ಬನೇ ಸವಾರನಿದ್ದಾಗ ಒಟ್ಟು ಭಾರದ ಮುಕ್ಕಾಲು ಪಾಲು ಮುಂಗಾಲಿಯ ಮೇಲೆ ಕೂರುತ್ತದೆ. ಹಗುರಾದ ಹಿಂಗಾಲಿ ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಲೆಕ್ಕ ಹಾಕಿದರೆ, ತಾಸಿಗೆ 60 ಕಿ.ಮೀ. ವೇಗದಲ್ಲಿ ಹಿಂದಿನ ಬ್ರೇಕೊಂದನ್ನೇ ಹಿಡಿದ ಗಾಡಿ ಒಣ ಡಾಂಬರಿನ ಮೇಲೆ ನಿಲ್ಲಲು ಸುಮಾರು 47 ಮೀಟರ್ ಬೇಕು, ಎರಡನ್ನೂ ಸರಿಯಾಗಿ ಹಿಡಿದರೆ 24 ಮೀಟರಿನಲ್ಲಿ ನಿಲ್ಲುತ್ತದೆ; ಅಪಾಯ ಕಂಡು ಕೈಕಾಲು ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡಿನಲ್ಲಿ ಸಾಗುವ ಹದಿನೇಳು ಮೀಟರ್ ಎರಡಕ್ಕೂ ಸೇರಿಕೊಳ್ಳುತ್ತದೆ.

ಬಳಸದೆ ಬಿಟ್ಟ ಬ್ರೇಕು ಹಾಳಾಗುತ್ತದೆ. ವಾಯರಿನೊಳಗೆ ದೂಳು ಸೇರಿ ತುಕ್ಕು ಹಿಡಿಯುತ್ತದೆ, ಕ್ಯಾಮ್ ತನ್ನ ತೂತಿನಲ್ಲಿ ಒಣಗಿ ಬಿಗಿದುಕೊಳ್ಳುತ್ತದೆ, ಲೈನರಿನ ಮೈ ಗಾಜಿನಂತೆ ಹೊಳಪುಗಟ್ಟಿ ಹಿಡಿತ ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಮುಟ್ಟದ ಬ್ರೇಕನ್ನು ಯಾವುದೋ ಆಪತ್ತಿನ ಗಳಿಗೆಯಲ್ಲಿ ಒಮ್ಮೆ ಹಿಡಿದು, ಅದು ಹತ್ತದೆ ಹೋದಾಗ ಡ್ರಮ್ ದುರ್ಬಲವೆಂಬ ನಂಬಿಕೆಗೆ ಇನ್ನೊಂದು ಸಾಕ್ಷಿ ಸಿಕ್ಕಿದಂತಾಗುತ್ತದೆ. ಅಲಕ್ಷ್ಯ ದೌರ್ಬಲ್ಯವನ್ನು ಹುಟ್ಟಿಸುತ್ತದೆ, ಆ ದೌರ್ಬಲ್ಯವೇ ಮತ್ತೆ ಅಲಕ್ಷ್ಯಕ್ಕೆ ಸಮರ್ಥನೆಯಾಗುತ್ತದೆ. ಈ ಸುಳಿಯೊಳಗೆ ಡ್ರಮ್ಮಿನ ವಿನ್ಯಾಸದ ಪಾತ್ರವೇನೂ ಇಲ್ಲ.

ಬಲ ಎಲ್ಲೆಲ್ಲಿ ಸೋರುತ್ತದೆ ಎಂಬುದನ್ನು ಬೆರಳಿನಿಂದ ಗಾಲಿಯವರೆಗೆ ಹೆಜ್ಜೆ ಹೆಜ್ಜೆಯಾಗಿ ಹುಡುಕಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲನೆಯ ಸೋರಿಕೆ ವಾಯರಿನಲ್ಲಿದೆ. ಹೊರಕೊಳವೆ ಹಳತಾಗಿ ಮೆತ್ತಗಾಗಿದ್ದರೆ ಲಿವರ್ ಹಿಡಿದಾಗ ಅದು ಕುಗ್ಗಿ, ಬಾಗಿ, ಕೈಯ ಎಳೆತದ ಒಂದು ಭಾಗವನ್ನು ತಾನೇ ನುಂಗಿಕೊಳ್ಳುತ್ತದೆ. ಒಳತಂತಿ ತುಕ್ಕು ಹಿಡಿದಿದ್ದರೆ ಇನ್ನೊಂದು ಭಾಗ ತಿಕ್ಕಾಟದಲ್ಲಿ ಕಳೆದುಹೋಗುತ್ತದೆ. ಹೊಸ ವಾಯರನ್ನು ತೀಕ್ಷ್ಣ ತಿರುವುಗಳಿಲ್ಲದಂತೆ ಕೂರಿಸಿ ಎಣ್ಣೆ ಬಿಡುವುದು ಅರ್ಧ ತಾಸಿನ ಕೆಲಸ, ಖರ್ಚೂ ಅತ್ಯಲ್ಪ. ಆದರೂ ಡಿಸ್ಕಿನ ಮಾತು ಬರುವ ಮೊದಲು ವಾಯರು ಬದಲಿಸಿ ನೋಡಿದವರು ವಿರಳ.

ಎರಡನೆಯದು ಕ್ಯಾಮಿನ ತೋಳು. ಬ್ರೇಕ್ ಪ್ಲೇಟಿನ ಹೊರಗೆ ಕಾಣುವ, ವಾಯರಿನ ತುದಿ ಕೂಡಿಕೊಂಡಿರುವ ಸಣ್ಣ ಕಬ್ಬಿಣದ ಪಟ್ಟಿ ಅದು. ಪಾನಾವನ್ನು ಅಡ್ಡಲಾಗಿ ಎಳೆದರೆ ನಟ್ಟು ತಿರುಗುತ್ತದೆ, ಅದರ ಉದ್ದಕ್ಕೇ ಎಳೆದರೆ ತಿರುಗುವುದಿಲ್ಲ. ತೋಳು ಮತ್ತು ವಾಯರಿನ ಸಂಬಂಧವೂ ಹಾಗೆಯೇ. ಬ್ರೇಕು ಪೂರ್ತಿ ಹಿಡಿದ ಗಳಿಗೆಯಲ್ಲಿ ಎರಡರ ನಡುವೆ 90 ಡಿಗ್ರಿ ಕೋನವಿದ್ದರೆ ಎಳೆತವೆಲ್ಲ ಕ್ಯಾಮನ್ನು ಹೊರಳಿಸಲು ಸಲ್ಲುತ್ತದೆ; ಕೋನ 120 ಡಿಗ್ರಿಯಾದರೆ ಅದರಲ್ಲಿ ನೂರಕ್ಕೆ 87 ಪಾಲು ಮಾತ್ರ, 135 ಡಿಗ್ರಿಯಾದರೆ 71, 150 ಡಿಗ್ರಿ ತಲುಪಿದರೆ ಸರಿಯಾಗಿ ಅರ್ಧ ಮಾತ್ರ ಉಳಿಯುತ್ತದೆ. ಲೈನರ್ ಸವೆದಂತೆಲ್ಲ ಸವಾರರು ವಾಯರಿನ ತುದಿಯ ನಟ್ಟನ್ನು ಬಿಗಿಯುತ್ತ ಹೋಗುತ್ತಾರೆ, ಪ್ರತಿ ಬಿಗಿತಕ್ಕೂ ತೋಳು ಮುಂದೆ ಮುಂದೆ ಸರಿದು ಈ ಕೋನ ಕೆಡುತ್ತ ಹೋಗುತ್ತದೆ; ಕೊನೆಗೆ ನಟ್ಟು ಬಿಗಿಯಾಗಿದ್ದೂ ಬ್ರೇಕು ಹತ್ತದ ಸ್ಥಿತಿ ಬರುತ್ತದೆ. ಇಲ್ಲಿ ಕೆಲವು ಮಿಸ್ತ್ರಿಗಳು ತೋಳನ್ನು ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿ ಕೊಡುವುದುಂಟು. ಲೈನರ್ ದಪ್ಪವಾಗಿದ್ದು, ಹಿಂದೆ ಯಾರೋ ತೋಳನ್ನು ತಪ್ಪಾಗಿ ಕೂರಿಸಿದ್ದರೆ ಮಾತ್ರ ಇದು ಸರಿಯಾದ ಕ್ರಮ. ಲೈನರ್ ಸವೆದಿರುವಾಗ ಹೀಗೆ ಮಾಡುವುದು ಬ್ರೇಕ್ ಪ್ಲೇಟಿನ ಮೇಲೆ ಸವಕಳಿ ತೋರಿಸಲೆಂದೇ ಇರುವ ಬಾಣದ ಗುರುತಿನ ಬಾಯಿ ಮುಚ್ಚಿದಂತೆ, ಅದು ಅಕ್ಷಮ್ಯ.

ಮೂರನೆಯದೂ ಎಲ್ಲಕ್ಕಿಂತ ದೊಡ್ಡದೂ ಆದ ಸೋರಿಕೆ ಶೂ ಮತ್ತು ಡ್ರಮ್ಮಿನ ನಡುವಿನ ಹೊಂದಾಣಿಕೆಯಲ್ಲಿದೆ. ವರ್ಷಗಳ ಬಳಕೆಯಿಂದ ಡ್ರಮ್ಮಿನ ಒಳಮೈ ಸವೆದು ಅಗಲವಾಗಿರುತ್ತದೆ, ಅಂಗಡಿಯಿಂದ ತಂದ ಹೊಸ ಶೂ ಹೊಸ ಡ್ರಮ್ಮಿನ ಅಳತೆಗೆ ತಯಾರಾಗಿರುತ್ತದೆ. ಎರಡರ ಬಾಗು ಬೇರೆಯಾದ್ದರಿಂದ ಶೂವಿನ ನಡುವಿನ ಒಂದೆರಡು ಬೆರಳಗಲ ಮಾತ್ರ ಡ್ರಮ್ಮನ್ನು ಮುಟ್ಟುತ್ತದೆ. ಹೊಸ ಲೈನರ್ ಹಾಕಿಸಿದರೂ ಬ್ರೇಕು ಹತ್ತುವುದಿಲ್ಲವೆಂಬ ಸಾರ್ವತ್ರಿಕ ದೂರಿನ ಮೂಲ ಇದು, ಮತ್ತು ಈ ದೂರೇ ಡಿಸ್ಕಿನ ಪರವಾದ ವಾದದ ಬಲವಾದ ಆಸರೆ. ಇದಕ್ಕೆ ಪರಿಹಾರ ಲೇತಿನಲ್ಲಿದೆ: ಶೂಗಳನ್ನು ಬ್ರೇಕ್ ಪ್ಲೇಟಿನ ಮೇಲೆ ಅವುಗಳ ಜಾಗದಲ್ಲೇ ಕೂರಿಸಿ, ಕ್ಯಾಮಿನ ಬಳಿ ತೆಳು ತಗಡು ಕೊಟ್ಟು ಕೊಂಚ ಅಗಲಿಸಿ, ಡ್ರಮ್ಮಿನ ಒಳವ್ಯಾಸಕ್ಕಿಂತ ಕೂದಲೆಳೆಯಷ್ಟು ಕಡಿಮೆ ಅಳತೆಗೆ ಲೈನರಿನ ಮೈಯನ್ನು ಸವರಿ ತೆಗೆದರೆ ಶೂವಿನ ಉದ್ದಕ್ಕೂ ಸ್ಪರ್ಶ ಸಿಗುತ್ತದೆ. ಟ್ರ್ಯಾಕ್ಟರು, ಪಂಪುಗಳ ಕೆಲಸ ಮಾಡುವ ಲೇತಿನ ಕಾರ್ಮಿಕನಿಗೆ ಇದು ಕಷ್ಟದ ಕೆಲಸವಲ್ಲ. ಲೇತು ಸಿಗದಿದ್ದರೆ ಡ್ರಮ್ಮಿನೊಳಗೆ ಸೀಮೆಸುಣ್ಣ ಸವರಿ, ಗಾಲಿ ತಿರುಗಿಸಿ ಬ್ರೇಕು ಮುಟ್ಟಿಸಿ, ಲೈನರಿನ ಮೇಲೆ ಸುಣ್ಣ ಹತ್ತಿದ ಉಬ್ಬುಗಳನ್ನು ಕಾನಸಿನಿಂದ ತೆಗೆಯುತ್ತ ಹೋಗಬಹುದು; ಹೊತ್ತು ಹಿಡಿಯುತ್ತದೆ, ಫಲ ಮಾತ್ರ ಅದೇ. ಡ್ರಮ್ಮೇ ಗೀರುಬಿದ್ದು ಅಥವಾ ಕಡ್ಡಿಗಳ ಅಸಮ ಬಿಗಿತದಿಂದ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅದನ್ನೂ ಲೇತಿನಲ್ಲಿ ಸಮ ಮಾಡಬಹುದಾದರೂ, ಹಬ್ಬಿನ ಮೇಲೆ ಅಚ್ಚೊತ್ತಿದ ಗರಿಷ್ಠ ವ್ಯಾಸವನ್ನು ಮೀರಬಾರದು.

ಖರ್ಚೇ ಇಲ್ಲದ ಇನ್ನೊಂದು ಕೆಲಸವಿದೆ, ಅದನ್ನು ಮಾಡುವವರೂ ಕಡಿಮೆ. ಗಾಲಿ ಕೂರಿಸುವಾಗ ಆಕ್ಸಲಿನ ನಟ್ಟನ್ನು ಬಿಗಿಯುವ ಮೊದಲು ಬ್ರೇಕ್ ಲಿವರನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಶೂಗಳು ಡ್ರಮ್ಮಿನ ನಡುಮಧ್ಯಕ್ಕೆ ಬ್ರೇಕ್ ಪ್ಲೇಟನ್ನು ತಾವೇ ತಂದುಕೊಳ್ಳುತ್ತವೆ. ಆಗ ನಟ್ಟು ಬಿಗಿದರೆ ಎರಡೂ ಶೂಗಳು ಒಟ್ಟಿಗೆ ಮುಟ್ಟುತ್ತವೆ. ಹಾಗೆಯೇ ಗಾಡಿ ತೊಳೆಯುವಾಗ ಡೀಸೆಲ್ ಸಿಂಪಡಿಸುವ ರೂಢಿ ಬ್ರೇಕಿನ ಪಾಲಿಗೆ ವಿಷ. ಹಬ್ಬಿನ ಸಂದಿಯಿಂದ ಒಳಸೇರಿದ ಎಣ್ಣೆಯ ಪಸೆಯನ್ನು ಹೀರಿಕೊಂಡ ಲೈನರನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಬದಲಿಸಲೇಬೇಕು. ಹಳೆಯ ಮತ್ತು ಅಗ್ಗದ ಲೈನರುಗಳಲ್ಲಿ ಕಲ್ನಾರು, ಅಂದರೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವ ಆಸ್ಬೆಸ್ಟಾಸ್, ಇರುವ ಸಾಧ್ಯತೆಯಿರುವುದರಿಂದ ಡ್ರಮ್ಮಿನೊಳಗಿನ ಕಪ್ಪು ಪುಡಿಯನ್ನು ಗಾಳಿಯ ಪೈಪಿನಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಎಳೆಯರ ಉಸಿರಿನ ಪ್ರಶ್ನೆ ಇದು, ಇದರಲ್ಲಿ ರಾಜಿಗೆ ಎಡೆಯಿಲ್ಲ.

ಇವೆಲ್ಲ ಬರಿಯ ಪುಸ್ತಕದ ಮಾತುಗಳಲ್ಲವೆಂಬುದಕ್ಕೆ ಟ್ರಯಲ್ಸ್ ಎಂಬ ಕ್ರೀಡೆಯೇ ಸಾಕ್ಷಿ. ಬಂಡೆ, ಹಳ್ಳ, ಕಡಿದಾದ ಇಳಿಜಾರುಗಳ ಮೇಲೆ, ನಡಿಗೆಯ ವೇಗದಲ್ಲಿ, ನೆಲಕ್ಕೆ ಕಾಲೂರದೆ ಗಾಡಿಯನ್ನು ದಾಟಿಸುವ ಈ ಸ್ಪರ್ಧೆಯಲ್ಲಿ ಬ್ರೇಕು ಹಿಡಿಯದಿದ್ದರೆ ಸವಾರನ ಆಟ ಅಲ್ಲಿಗೇ ಮುಗಿಯುತ್ತದೆ. 1965ರಲ್ಲಿ ಸ್ಯಾಮಿ ಮಿಲ್ಲರ್ ಬುಲ್ಟಾಕೊ ಗಾಡಿಯ ಮೇಲೆ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸ್ ಗೆದ್ದದ್ದು ಡ್ರಮ್ ಬ್ರೇಕಿನಿಂದಲೇ. ಆ ಕಾಲದ ಟ್ರಯಲ್ಸ್ ಗಾಡಿಗಳನ್ನು ಇಂದಿಗೂ ಓಡಿಸುವವರು ಬ್ರೇಕು ಸಾಲದಾದಾಗ ಶೂಗಳನ್ನು ಡ್ರಮ್ಮಿನ ಅಳತೆಗೆ ಲೇತಿನಲ್ಲಿ ಹೊಂದಿಸುತ್ತಾರೆ, ಕುಗ್ಗದ ವಾಯರು ಹಾಕುತ್ತಾರೆ, ಕ್ಯಾಮಿನ ತೋಳನ್ನು ಕೊಂಚ ಉದ್ದ ಮಾಡುತ್ತಾರೆ. ತೋಳು ನೂರಕ್ಕೆ ಹದಿನೈದರಷ್ಟು ಉದ್ದವಾದರೆ ಬಲವೂ ಅಷ್ಟೇ ಹೆಚ್ಚುತ್ತದೆ, ಲಿವರ್ ಎಳೆಯಬೇಕಾದ ದೂರವೂ ಅಷ್ಟೇ ಹೆಚ್ಚುತ್ತದೆ. ಆದ್ದರಿಂದ ಶೂಗಳ ಹೊಂದಾಣಿಕೆ ಮುಗಿದ ಮೇಲಷ್ಟೇ ಇದಕ್ಕೆ ಕೈಹಾಕಬೇಕು. ಇನ್ನೊಂದು ಸಂಗತಿ ನದಿ ದಂಡೆಯ ಊರುಗಳಿಗೆ ನೇರವಾಗಿ ಸಂಬಂಧಿಸಿದೆ: ಎರಡೂ ಶೂಗಳು ಮುಂಚೂಣಿಯಾಗಿರುವ ಡ್ರಮ್ಮು, ಡಿಸ್ಕ್ ಬರುವ ಮೊದಲಿನ ಹಲವು ಬುಲೆಟ್ಟುಗಳ 7 ಇಂಚಿನ ಮುಂದಿನ ಡ್ರಮ್ಮಿನಂತೆ, ಮುಂದಕ್ಕೆ ಸಾಗುವಾಗ ಬಲಶಾಲಿಯಾಗಿದ್ದರೂ ಏರಿನಲ್ಲಿ ಹಿಂದಕ್ಕೆ ಜಾರುವಾಗ ಹಿಡಿತ ಕಳೆದುಕೊಳ್ಳುತ್ತದೆ, ಏಕೆಂದರೆ ತಿರುಗುವ ದಿಕ್ಕು ಬದಲಾದೊಡನೆ ಎರಡೂ ಶೂಗಳು ಹಿಂಚೂಣಿಯಾಗುತ್ತವೆ, 100 ಸಿಸಿ ಗಾಡಿಗಳ ಸಾದಾ ಡ್ರಮ್ಮಿನಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಒಂದು ಶೂ ಮುಂಚೂಣಿಯಾಗಿಯೇ ಇರುತ್ತದೆ. ಭೀಮೆಯ ದಂಡೆಯ ಏರಿನಲ್ಲಿ ಮೇವಿನ ಹೊರೆ ಹೊತ್ತು ನಿಂತ ಗಾಡಿಗೆ ಈ ಸಾದಾತನವೇ ರಕ್ಷೆ.

ಗುಜರಿಯ ಡಿಸ್ಕ್ ಕೂರಿಸುವ ಪದ್ಧತಿಯನ್ನು ಇನ್ನೂ ಕಟುವಾಗಿ ಖಂಡಿಸಬೇಕಾಗಿದೆ. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಫೋರ್ಕಿನ ಒಂದೇ ಕಾಲಿಗೆ ತೂಗಿಕೊಂಡು ಬ್ರೇಕಿನ ತಿರುಚುಬಲವನ್ನೆಲ್ಲ ಅದರ ಮೇಲೆ ಹೇರುತ್ತದೆ. ಅದಕ್ಕೆಂದೇ ರೂಪಿಸದ ಕಾಲಿಗೆ ಬೆಸುಗೆ ಹಾಕಿ ತಗಲಿಸಿದ ಹಿಡಿಕೆ ಮುರಿದರೆ ಗಾಲಿಯೇ ಬಿಗಿದು ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ. ಒಂದು ಗಾಡಿಯ ಮಾಸ್ಟರ್ ಸಿಲಿಂಡರು, ಅಂದರೆ ಲಿವರಿನ ಬಳಿಯ ಎಣ್ಣೆ ತಳ್ಳುವ ಭಾಗ, ಇನ್ನೊಂದು ಗಾಡಿಯ ಕ್ಯಾಲಿಪರಿಗೆ ಅಳತೆಯಲ್ಲಿ ಹೊಂದದಿದ್ದರೆ ಬ್ರೇಕು ಕಲ್ಲಿನಂತೆ ಬಿಗಿಯಾಗುತ್ತದೆ, ಇಲ್ಲವೇ ಹಿಡಿಕೆಗೆ ತಾಗುವವರೆಗೂ ಮೆತ್ತಗೆ ಇಳಿಯುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಅದರ ಬದಲು ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ. ನೆಲೋಗಿಯಲ್ಲೋ ಖಜೂರಿಯಲ್ಲೋ ವಾಯರು ಹರಿದರೆ ಅಲ್ಲೇ ಇನ್ನೊಂದು ಹಾಕಿಸಿಕೊಂಡು ಮನೆ ಸೇರಬಹುದು, ಸೀಲು ಹೋದರೆ ಆಗದು. ಇದರ ಮೇಲೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯೊಡ್ಡುತ್ತದೆ.

ಡಿಸ್ಕ್ ಪಕ್ಷದವರು ಸರ್ಕಾರವೇ ಹೊಸ ಬ್ರೇಕು ಕಡ್ಡಾಯ ಮಾಡಿದೆಯೆಂದು ವಾದಿಸುವುದುಂಟು. 2019ರ ಏಪ್ರಿಲ್ 1ರಿಂದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಜಾರಿಗೆ ಬಂದ ನಿಯಮದಂತೆ 125 ಸಿಸಿ ಮೀರಿದ ಗಾಡಿಗಳಿಗೆ ಗಾಲಿ ಬಿಗಿಯದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು; 125 ಸಿಸಿವರೆಗಿನವುಗಳಿಗೆ ಅದರ ಬದಲು ಸಿಬಿಎಸ್, ಅಂದರೆ ಒಂದನ್ನು ಒತ್ತಿದರೆ ಎರಡೂ ಗಾಲಿಗಳ ಬ್ರೇಕು ಹಿಡಿಯುವ ಸಂಯೋಜಿತ ವ್ಯವಸ್ಥೆ, ಸಾಕೆನಿಸಿತು. ಎರಡೂ ಗಾಲಿಗಳಲ್ಲಿ ಡ್ರಮ್ಮೇ ಇರುವ ಗಾಡಿಗಳು ಈ ಸಿಬಿಎಸ್‌ನೊಡನೆ ಕಾನೂನುಬದ್ಧವಾಗಿಯೇ ಮಾರಾಟವಾದವು. ಹಿಂದಿನ ಪೆಡಲನ್ನೇ ನೆಚ್ಚಿದ ಸವಾರನಿಗೆ ಮುಂದಿನ ಬ್ರೇಕಿನ ಪ್ರಯೋಜನವನ್ನೂ ಒದಗಿಸುವುದೇ ಆ ವ್ಯವಸ್ಥೆಯ ತಿರುಳಾಗಿತ್ತು. ಅಂದರೆ ಕೊರತೆ ಡ್ರಮ್ಮಿನಲ್ಲಲ್ಲ, ಮುಂದಿನ ಬ್ರೇಕನ್ನು ಬಳಸದಿರುವುದರಲ್ಲಿದೆ ಎಂಬ ಇದೇ ವಾದವನ್ನು ಆ ನಿಯಮವೂ ಪುಷ್ಟೀಕರಿಸುತ್ತದೆ. ಹೊಸ ಗಾಡಿ ಕೊಳ್ಳುವವರು ಕಾರ್ಖಾನೆಯಲ್ಲೇ ಡಿಸ್ಕ್, ಎಬಿಎಸ್ ಜೋಡಿಸಿದ್ದನ್ನು ಕೊಳ್ಳುವುದಾದರೆ ಅದಕ್ಕೆ ಇಲ್ಲಿ ಆಕ್ಷೇಪವಿಲ್ಲ. ನೀರಿನ ವಿಷಯದಲ್ಲೂ ಡ್ರಮ್ಮಿನ ಕುಂದನ್ನು ಒಪ್ಪಿಕೊಳ್ಳಲೇಬೇಕು: ಉಜನಿ ಅಣೆಕಟ್ಟೆಯಿಂದ ಭೀಮೆಗೆ ನೀರು ಬಿಟ್ಟಾಗ ಮುಳುಗುವ ದಾರಿಗಳನ್ನು ದಾಟಿದ ಮೇಲೆ ಒಳಸೇರಿದ ನೀರು ಬೇಗ ಹೊರಬರುವುದಿಲ್ಲವಾದ್ದರಿಂದ, ಮೆಲ್ಲನೆ ಸಾಗುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದು ಒಣಗಿಸಿಕೊಳ್ಳದೆ ವೇಗ ಹೆಚ್ಚಿಸಬಾರದು.

ಇಷ್ಟು ಸರಳವಾದ ಸಂಗತಿಗಳು ತಿಳಿದಿದ್ದೂ ನಂಬಿಕೆ ಬದಲಾಗದಿರಲು ಕಾರಣ ಗ್ಯಾರೇಜಿನ ಲೆಕ್ಕಾಚಾರದಲ್ಲಿದೆ. ಗಿರಾಕಿಯು ಬಿಡಿಭಾಗಕ್ಕೆ ಹಣ ಕೊಡುತ್ತಾನೆ, ಮಿಸ್ತ್ರಿಯ ಒಂದು ತಾಸಿನ ದುಡಿಮೆಗೆ ಚೌಕಾಶಿ ಮಾಡುತ್ತಾನೆ. ಶೂ ಉಜ್ಜಿ, ತೋಳಿನ ಕೋನ ನೋಡಿ, ಪ್ಲೇಟನ್ನು ನಡುವಿಗೆ ತರುವ ಕೆಲಸಕ್ಕೆ ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲದಿರುವಾಗ ಅದನ್ನು ಶ್ರದ್ಧೆಯಿಂದ ಮಾಡುವ ಮಿಸ್ತ್ರಿಗೆ ನಷ್ಟವೇ ಗತಿ. ಲೈನರ್ ಬದಲಾವಣೆಯೆಂದು ಬರೆಯುವಲ್ಲಿ ಲೈನರ್ ಹೊಂದಿಸಿದ ಕೂಲಿಯೆಂದು ಪ್ರತ್ಯೇಕವಾಗಿ ಬರೆದು, ಗಾಡಿ ಕೊಡುವ ಮೊದಲು ಒಣ ಡಾಂಬರಿನ ಮೇಲೆ ಗಿರಾಕಿಯ ಎದುರಿಗೇ ಮುಂದಿನ ಬ್ರೇಕಿನಿಂದ ನಿಲ್ಲಿಸಿ ತೋರಿಸುವ ಪದ್ಧತಿ ಆಳಂದ, ಅಫಜಲಪುರ, ಜೇವರ್ಗಿಗಳ ಗ್ಯಾರೇಜುಗಳಲ್ಲಿ ಆರಂಭವಾಗಬೇಕು; ಆ ಕೂಲಿಯನ್ನು ಗೊಣಗದೆ ಕೊಡುವುದು ಗಾಡಿಯ ಮಾಲೀಕನ ಹೊಣೆ.